ತಡವಾಗಿ ತಂದದ್ದು, ತಡವಾಗಿ ಹೇಳಿದ್ದು

ಸಿವಿಲ್ ಕೋರ್ಟುಗಳ ಬಗ್ಗೆ ನಮ್ಮಲ್ಲಿ ಬಹುತೇಕ ಯಾರೂ ಪ್ರಶ್ನಿಸದ ಒಂದು ಮಾತಿದೆ: ಕಾರ್ಯವಿಧಾನ ನ್ಯಾಯದ ದಾಸಿ, ಒಡತಿಯಲ್ಲ. ಗಡುವು ಮೀರಿ ದಾಖಲೆ ತಂದವರನ್ನು ಮನ್ನಿಸಬೇಕೆಂದು ವಾದಿಸುವ ವಕೀಲರು ಈ ಮಾತನ್ನು ಹೇಳುತ್ತಾರೆ, ಮನ್ನಿಸುವ ನ್ಯಾಯಾಧೀಶರು ತಮ್ಮ ಆದೇಶದಲ್ಲಿ ಇದನ್ನೇ ಬರೆಯುತ್ತಾರೆ. ಕೇಳುವವರಿಗೂ ಹಿತವೆನಿಸುತ್ತದೆ. ಕಾಗದದಲ್ಲಿ ಸತ್ಯವಿದ್ದರೆ ಒಂದು ತಾರೀಖಿಗಾಗಿ ಅದನ್ನು ಬಾಗಿಲ ಹೊರಗೆ ನಿಲ್ಲಿಸುವುದೇಕೆ? ಒಂದಷ್ಟು ಖರ್ಚು ಕಟ್ಟಿಸಿ ಒಳಗೆ ಬಿಟ್ಟರಾಯಿತು. ಇದೇ ಉದಾರವಾದ ನಿಲುವು, ಬಡವರ ಪರವಾದ ನಿಲುವು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ನನಗೆ ಇದು ಒಪ್ಪಿಗೆಯಿಲ್ಲ. ದಾಖಲೆಗಳನ್ನು ಇಂತಿಷ್ಟು ಹೊತ್ತಿಗೆ ಎದುರು ಪಕ್ಷದ ಮುಂದಿಡಬೇಕೆಂಬ ನಿಯಮವನ್ನು ಬರಿಯ ಕಾರ್ಯವಿಧಾನ ಎಂದು ಕರೆದಲ್ಲೇ ನಮ್ಮ ತಪ್ಪು ಶುರುವಾಗುತ್ತದೆ. ಆ ನಿಯಮ ಇರುವುದೇ ಸತ್ಯವನ್ನು ಕಾಯಲಿಕ್ಕೆ. ಸತ್ಯದ ಹೆಸರಿನಲ್ಲಿ ಅದನ್ನು ಸಡಿಲಿಸುತ್ತ ಹೋದಷ್ಟೂ ಸತ್ಯ ನಮ್ಮ ಕೈಜಾರುತ್ತದೆ.

ಒಂದು ವಿಭಾಗ ದಾವೆಯನ್ನು ಕಲ್ಪಿಸಿಕೊಳ್ಳಿ. ಕರ್ನಾಟಕದ ಯಾವ ತಾಲ್ಲೂಕಿನ ಕೋರ್ಟಿನಲ್ಲಾದರೂ ಇಂಥದ್ದು ನಡೆಯುತ್ತಿರಬಹುದು. ಪಿತ್ರಾರ್ಜಿತ ಜಮೀನಿನಲ್ಲಿ ತನಗೂ ಪಾಲು ಬೇಕೆಂದು ಮಗಳೊಬ್ಬಳು ದಾವೆ ಹೂಡಿದ್ದಾಳೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗವನ್ನು ಆ ಕಾನೂನು ಮುಟ್ಟುವುದಿಲ್ಲ. ಹಾಗಾಗಿ ಅಣ್ಣಂದಿರ ಲಿಖಿತ ಹೇಳಿಕೆಯಲ್ಲಿ ಒಂದು ಸಾಲಿದೆ: ಹಿಂದೆಯೇ ಪಾಲಾಗಿದೆ. ಯಾವ ವರ್ಷ, ಯಾರ ಸಮಕ್ಷಮ, ಯಾವ ಕಾಗದದಲ್ಲಿ ಎಂಬ ವಿವರವಿಲ್ಲ. ವಿವಾದಾಂಶಗಳು ರೂಪುಗೊಳ್ಳುತ್ತವೆ. ತಂಗಿ ಸಾಕ್ಷಿಕಟ್ಟೆ ಹತ್ತುತ್ತಾಳೆ. ಪಾಟಿ ಸವಾಲಿನಲ್ಲಿ ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ: ಅಪ್ಪ 1997ರವರೆಗೆ ತಾವೇ ಉಳುತ್ತಿದ್ದರು, ಆಮೇಲೆ ಗದ್ದೆಯನ್ನು ದೊಡ್ಡಣ್ಣ ನೋಡಿಕೊಂಡ, ಹೊಲವನ್ನು ಚಿಕ್ಕಣ್ಣ ನೋಡಿಕೊಂಡ.

ಮುಂದಿನ ವಾಯಿದೆಗೆ ಅಣ್ಣಂದಿರ ಕಡೆಯಿಂದ ಒಂದು ಮಧ್ಯಂತರ ಅರ್ಜಿ (ಐ.ಎ.) ಬರುತ್ತದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ 1997ರ ಪಂಚಾಯ್ತಿ ಪಾಲುಪಟ್ಟಿ ಸಿಕ್ಕಿದೆ, ಹಾಜರುಪಡಿಸಲು ಅನುಮತಿ ಬೇಕು. ಅದು ನೋಂದಣಿಯಾದ ಪತ್ರವಲ್ಲ. ಹಿಂದೆ ಬಾಯಿಮಾತಿನಲ್ಲಿ ಆದ ಪಾಲನ್ನು ನೆನಪಿಗಾಗಿ ಬರೆದಿಟ್ಟದ್ದು ಎಂದು ಒಕ್ಕಣೆ, ಅಂಥ ನೆನಪಿನ ಪಟ್ಟಿಗೆ ನೋಂದಣಿ ಬೇಕಿಲ್ಲ ಎಂಬುದು ಅವರ ವಾದ. ಅದರ ಪ್ರಕಾರ ಗದ್ದೆ ದೊಡ್ಡಣ್ಣನಿಗೆ, ಹೊಲ ಚಿಕ್ಕಣ್ಣನಿಗೆ. ಸಾಕ್ಷಿ ಹಾಕಿದ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಸಾವಿರ ರೂಪಾಯಿ ಖರ್ಚಿನ ಮೇಲೆ ಅರ್ಜಿ ಮಂಜೂರಾಗುತ್ತದೆ.

ರೂಢಿಯ ಅಭಿಪ್ರಾಯ ಕೇಳುತ್ತದೆ: ಇದರಲ್ಲಿ ತಂಗಿ ಕಳೆದುಕೊಂಡದ್ದೇನು? ಆ ಪಟ್ಟಿ ಸುಳ್ಳೆಂದು ಅವಳು ವಾದಿಸಬಹುದು, ಅಣ್ಣಂದಿರನ್ನು ಪಾಟಿ ಸವಾಲಿಗೆ ಒಳಪಡಿಸಬಹುದು, ಸಹಿಯನ್ನು ತಜ್ಞರ ಪರಿಶೀಲನೆಗೆ ಕಳಿಸಬಹುದು. ತಡವಾದದ್ದಕ್ಕೆ ಹಣವೂ ಸಿಕ್ಕಿತು. ಇನ್ನೇನು ಬೇಕು?

ಅವಳು ಕಳೆದುಕೊಂಡದ್ದು ಮೊದಲು ಕಾಗದ, ಆಮೇಲೆ ಮಾತು ಎಂಬ ಕ್ರಮವನ್ನು. ಎರಡೂ ಕಡೆಯವರು ತಮ್ಮ ಕಾಗದಗಳನ್ನು ಮೊದಲು ಮೇಜಿನ ಮೇಲಿಟ್ಟು ನಂತರ ಬಾಯಿ ತೆರೆದರೆ, ಕಾಗದಕ್ಕೂ ಮಾತಿಗೂ ತಾಳೆ ಇದೆಯೇ ಎಂದು ನೋಡಬಹುದು. ಕಾಗದ ಮಾತಿನ ನಂತರ ಬಂದರೆ ಆ ತಾಳೆಗೆ ಬೆಲೆಯೇ ಉಳಿಯುವುದಿಲ್ಲ. ಪಾಲುಪಟ್ಟಿಯಲ್ಲಿರುವುದು ತಂಗಿಯ ಹೇಳಿಕೆಗೆ ಸರಿಹೊಂದುತ್ತದೆ, ನಿಜ. ಆದರೆ ಹೇಳಿಕೆ ನಿಜವಾದ್ದರಿಂದ ಪಟ್ಟಿ ಅದಕ್ಕೆ ಹೊಂದುತ್ತದೆಯೋ, ಹೇಳಿಕೆಯನ್ನು ಕೇಳಿಕೊಂಡು ಪಟ್ಟಿ ಬರೆದದ್ದರಿಂದ ಹೊಂದುತ್ತದೆಯೋ? ಈ ಪ್ರಶ್ನೆಗೆ ಯಾವ ಪಾಟಿ ಸವಾಲಿನಿಂದಲೂ ಖಚಿತ ಉತ್ತರ ಸಿಗುವುದಿಲ್ಲ. ಪಟ್ಟಿ ಅಸಲಿಯೇ ಆಗಿದ್ದರೆ ಅಣ್ಣಂದಿರಿಗೂ ಅನ್ಯಾಯವಾಗಿದೆ. ಮೊದಲ ದಿನವೇ ಮುಂದಿಟ್ಟಿದ್ದರೆ ಅನುಮಾನವಿಲ್ಲದೆ ನಿಲ್ಲುತ್ತಿದ್ದ ಕಾಗದ ಇನ್ನು ಕೊನೆಯ ಮೇಲ್ಮನವಿಯವರೆಗೂ ಅನುಮಾನವನ್ನು ಹೊತ್ತುಕೊಂಡೇ ಹೋಗಬೇಕು. ಸಾವಿರ ರೂಪಾಯಿ ಖರ್ಚು ಇದರಲ್ಲಿ ಯಾವುದನ್ನೂ ಸರಿಪಡಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 14ರ ಪ್ರಕಾರ ವಾದಿ ತಾನು ಆಧರಿಸುವ ದಾಖಲೆಗಳನ್ನು ವಾದಪತ್ರದ ಜೊತೆಗೇ ಕೊಡಬೇಕು. ಆದೇಶ 8, ನಿಯಮ 1ಎ ಪ್ರಕಾರ ಪ್ರತಿವಾದಿ ತನ್ನ ಲಿಖಿತ ಹೇಳಿಕೆಯ ಜೊತೆಗೆ ಕೊಡಬೇಕು. ಮೂಲ ಪ್ರತಿಗಳು ವಿವಾದಾಂಶಗಳನ್ನು ನಿಗದಿಪಡಿಸುವ ಹೊತ್ತಿಗಾದರೂ ಕೋರ್ಟಿಗೆ ಬರಬೇಕು. ಹೀಗೆ ಕೊಡದ ದಾಖಲೆಯನ್ನು ಕೋರ್ಟಿನ ಅನುಮತಿಯಿಲ್ಲದೆ ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. 2002ರ ಜುಲೈ 1ರಂದು ಜಾರಿಗೆ ಬಂದ ತಿದ್ದುಪಡಿಗಳ ಉದ್ದೇಶವೇ ದಾವೆಗಳ ವೇಗ ಹೆಚ್ಚಿಸುವುದಾಗಿತ್ತು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಮುಖ್ಯವಾದ ಮಾತು ಬಿಟ್ಟುಹೋಯಿತು. ಹಳೆಯ ಆದೇಶ 13, ನಿಯಮ 2ರಲ್ಲಿ ತಡವಾದ ದಾಖಲೆಯನ್ನು ಸ್ವೀಕರಿಸಲು ಸಮರ್ಪಕ ಕಾರಣ ತೋರಿಸಬೇಕೆಂದೂ, ಸ್ವೀಕರಿಸಿದ ಕೋರ್ಟು ತನ್ನ ಕಾರಣಗಳನ್ನು ಬರೆದಿಡಬೇಕೆಂದೂ ಇತ್ತು. ಆ ನಿಯಮ ಹೋಯಿತು. ಉಳಿದದ್ದು ‘ಕೋರ್ಟಿನ ಅನುಮತಿ’ ಎಂಬುದಷ್ಟೆ. ಯಾವ ಅಳತೆಗೋಲಿನ ಮೇಲೆ ಅನುಮತಿ ಎಂಬುದನ್ನು ಸಂಹಿತೆ ಹೇಳುವುದಿಲ್ಲ.

ಆ ಖಾಲಿ ಜಾಗವನ್ನು ತೀರ್ಪುಗಳು ತುಂಬಿದವು. ಲಿಖಿತ ಹೇಳಿಕೆಗೆ ಇಟ್ಟ 90 ದಿನಗಳ ಮಿತಿ ಕಡ್ಡಾಯವಲ್ಲ, ಮಾರ್ಗದರ್ಶಕ ಮಾತ್ರ ಎಂದು 2005ರಲ್ಲಿ ಕೈಲಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಸೇಲಂ ವಕೀಲರ ಸಂಘದ ಪ್ರಕರಣದಲ್ಲೂ ಅದನ್ನೇ ಎತ್ತಿಹಿಡಿಯಿತು. 2020ರ ಸುಗಂಧಿ ಪ್ರಕರಣದಲ್ಲಿ, ಕಳೆದುಹೋಗಿ ನಂತರ ಸಿಕ್ಕಿತೆಂಬ ದಾಖಲೆಗಳಿಗೆ ಅನುಮತಿ ಕೊಡುತ್ತ, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದಿತು. ಆ ತೀರ್ಪು ಬರೆದವರು ದಕ್ಷಿಣ ಕನ್ನಡದ ಬೆಳುವಾಯಿಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ಈ ತೀರ್ಪುಗಳನ್ನು ಪೂರ್ತಿ ಓದಿದರೆ ಅವು ಕೊಟ್ಟದ್ದು ಷರತ್ತಿಲ್ಲದ ಕ್ಷಮೆಯಲ್ಲ ಎಂಬುದು ಕಾಣುತ್ತದೆ. ಸಮಯ ವಿಸ್ತರಣೆ ವಾಡಿಕೆಯಾಗಬಾರದು, ಕಾರಣಗಳನ್ನು ಬರೆಯಬೇಕು ಎಂದು ಕೈಲಾಶ್ ತೀರ್ಪೇ ಎಚ್ಚರಿಸುತ್ತದೆ. ಎದುರು ಪಕ್ಷಕ್ಕೆ ಗಂಭೀರ ಬಾಧೆಯಾಗದಿದ್ದರೆ ಎಂಬ ಮಾತು ಸುಗಂಧಿ ತೀರ್ಪಿನಲ್ಲಿದೆ. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2011ರ ವೇಲುಸಾಮಿ ಪ್ರಕರಣದಲ್ಲಿ, ನಿರ್ಲಕ್ಷ್ಯವನ್ನು ಮುಚ್ಚಿಕೊಳ್ಳಲು ಹಾಕಿದ ಅರ್ಜಿಯನ್ನು ಭಾರಿ ಖರ್ಚಿನೊಡನೆ ತಿರಸ್ಕರಿಸಬೇಕು ಎಂದೇ ಬರೆದರು. ಮೇಲಿನಿಂದ ಕೆಳಗಿನ ಕೋರ್ಟಿಗೆ ಇಳಿಯುವಷ್ಟರಲ್ಲಿ ಈ ಷರತ್ತುಗಳೆಲ್ಲ ಉದುರಿಹೋಗಿ, ಉದಾರವಾಗಿರಿ ಎಂಬ ಒಂದೇ ಮಾತು ಉಳಿಯುತ್ತದೆ.

ಇದಕ್ಕೆ ಕೆಳ ಹಂತದ ನ್ಯಾಯಾಧೀಶರನ್ನು ದೂರಿ ಪ್ರಯೋಜನವಿಲ್ಲ. ಅರ್ಜಿಯನ್ನು ಮಂಜೂರು ಮಾಡಿದರೆ ಐದು ಸಾಲಿನ ಆದೇಶ ಸಾಕು, ಕಟ್ಲೆ ಮುಂದೆ ನಡೆಯುತ್ತದೆ. ತಿರಸ್ಕರಿಸಿದರೆ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹೋಗಬಹುದು, ಅಲ್ಲಿ ತಡೆಯಾಜ್ಞೆ ಸಿಕ್ಕರೆ ಇಡೀ ದಾವೆ ನಿಂತುಬಿಡಬಹುದು. ಶಿಸ್ತು ಬಯಸುವ ನ್ಯಾಯಾಧೀಶರ ಕಟ್ಲೆಯೇ ಹೆಚ್ಚು ತಡವಾಗುವಂಥ ವ್ಯವಸ್ಥೆ ಇದು. ಹೀಗಿರುವಾಗ ಮನ್ನಿಸುವುದು ಸುಲಭದ ದಾರಿ. ಅದನ್ನು ನಾವು ಔದಾರ್ಯ ಎನ್ನುತ್ತಿದ್ದೇವೆ.

ಆ ದಾಸಿಯ ಮಾತು ಹುಟ್ಟಿದ ನಾಡಿನ ಅನುಭವವನ್ನೂ ನೋಡಬೇಕು. ಅದನ್ನು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದಲ್ಲಿ ಕಾಲಿನ್ಸ್ ಎಂಬ ನ್ಯಾಯಾಧೀಶರು ಬರೆದರು, ನಮ್ಮ ಸಂಹಿತೆ ಬರುವುದಕ್ಕೆ ಸ್ವಲ್ಪ ಮೊದಲು. ಶತಮಾನ ಕಳೆದ ಮೇಲೆ, 2013ರಲ್ಲಿ, ಅದೇ ದೇಶ ಗಡುವು ತಪ್ಪಿದವರ ವಿಷಯದ ನಿಯಮವನ್ನು ಬಿಗಿಮಾಡಿತು. ಸಂಸದರಾಗಿದ್ದ ಆಂಡ್ರ್ಯೂ ಮಿಚೆಲ್ ಒಂದು ಪತ್ರಿಕಾ ಸಂಸ್ಥೆಯ ಮೇಲೆ ಹೂಡಿದ್ದ ಮಾನನಷ್ಟ ದಾವೆಯಲ್ಲಿ ಅವರ ವಕೀಲರು ಖರ್ಚಿನ ಅಂದಾಜನ್ನು ತಡವಾಗಿ ಸಲ್ಲಿಸಿದರು. ಗೆದ್ದರೂ ಕೋರ್ಟ್ ಶುಲ್ಕದ ಹೊರತು ಬೇರೆ ಖರ್ಚು ಸಿಗುವುದಿಲ್ಲ ಎಂದು ಆದೇಶವಾಯಿತು, ಮೇಲ್ಮನವಿಯಲ್ಲೂ ಅದು ಉಳಿಯಿತು. ಪರಿಣಾಮ ಒಳ್ಳೆಯದಾಗಲಿಲ್ಲ. ಎದುರಾಳಿ ಒಂದು ಗಂಟೆ ತಡಮಾಡಿದರೂ ಅದನ್ನೇ ಹಿಡಿದು ಗೆಲ್ಲಲು ಹೊರಟ ಅರ್ಜಿಗಳು ಬಂದವು. 2014ರ ಜುಲೈನಲ್ಲಿ ಡೆಂಟನ್ ತೀರ್ಪು ಇದನ್ನು ತಿದ್ದಿ ಮೂರು ಪ್ರಶ್ನೆಗಳನ್ನು ಇಟ್ಟಿತು: ತಪ್ಪು ಎಷ್ಟು ಗಂಭೀರ, ಅದು ಏಕೆ ಆಯಿತು, ಎಲ್ಲ ಸಂದರ್ಭಗಳನ್ನೂ ನೋಡಿದರೆ ಏನು ಮಾಡುವುದು ನ್ಯಾಯ. ಮನ್ನಿಸಬೇಕಾದ ಸಣ್ಣ ತಪ್ಪನ್ನು ಸುಮ್ಮನೆ ವಿರೋಧಿಸುವವರ ಮೇಲೂ ಖರ್ಚು ಹಾಕಬೇಕೆಂದಿತು. ಅಲ್ಲಿ ಬರಿಯ ಬಿಗಿಯೂ ನಡೆಯಲಿಲ್ಲ, ಬರಿಯ ಸಡಿಲವೂ ನಡೆಯಲಿಲ್ಲ. ಕೊನೆಗೆ ನಿಂತದ್ದು ‘ಏಕೆ’ ಎಂಬ ಪ್ರಶ್ನೆ.

ನಮ್ಮಲ್ಲೂ ಆ ಪ್ರಶ್ನೆ ಕೇಳುವ ಒಂದು ಕಡೆ ಇದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಸಂಹಿತೆಯ ಆದೇಶ 11ನ್ನು ಹೊಸದಾಗಿ ಬರೆದಿದೆ. ವಾದಿ ತನ್ನ ಕೈಯಲ್ಲಿ, ಅಧೀನದಲ್ಲಿ, ಹತೋಟಿಯಲ್ಲಿ ಇರುವ ದಾವೆಯ ದಾಖಲೆಗಳನ್ನೆಲ್ಲ ತನಗೆ ಅನುಕೂಲವೋ ಪ್ರತಿಕೂಲವೋ ನೋಡದೆ ಬಹಿರಂಗಪಡಿಸಿ, ಬೇರೆ ಯಾವುದೂ ತನ್ನಲ್ಲಿಲ್ಲ ಎಂದು ಪ್ರಮಾಣ ಮಾಡಬೇಕು. ಬಿಟ್ಟದ್ದನ್ನು ಆಮೇಲೆ ತರಬೇಕಾದರೆ ಸಕಾರಣ ತೋರಿಸಬೇಕು. ದಾವೆ ಹೂಡುವಾಗ ಕೈಯಲ್ಲೇ ಇದ್ದ ದಾಖಲೆಗೂ ನಂತರ ಸಿಕ್ಕ ದಾಖಲೆಗೂ ವ್ಯತ್ಯಾಸ ಮಾಡಬೇಕೆಂದು 2021ರ ಸುಧೀರ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೆ ಈ ಶಿಸ್ತು ಮೂರು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೌಲ್ಯದ ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ. ಸರಕಿನ ಬಿಲ್ಲಿಗಾಗಿ ಜಗಳವಾಡುವ ಇಬ್ಬರು ವರ್ತಕರಿಗೆ ಕಾಗದವನ್ನು ಮೊದಲೇ ನೋಡುವ ಹಕ್ಕಿದೆ, ಅಪ್ಪನ ಹೊಲಕ್ಕಾಗಿ ಬಂದ ಮಗಳಿಗೆ ಆ ಹಕ್ಕಿನ ಅರ್ಧವೂ ಇಲ್ಲ. ಉದಾರ ನಿಲುವು ಬಡವರ ಪರ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಹಾಗೆಂದು ವಾಣಿಜ್ಯ ಕಾಯ್ದೆಯ ಎಲ್ಲವನ್ನೂ ತಂದು ಮುನ್ಸಿಫ್ ಕೋರ್ಟಿಗೆ ಹಚ್ಚಿ ಎನ್ನುತ್ತಿಲ್ಲ. ಆ ದಾವೆಗಳಲ್ಲಿ 120 ದಿನ ದಾಟಿದರೆ ಲಿಖಿತ ಹೇಳಿಕೆ ಕೊಡುವ ಹಕ್ಕೇ ಹೋಗುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದಾಖಲೆಗಳಿಗೂ ಅಂಥದ್ದೇ ಕೊಡಲಿಯೇಟು ಬೇಕೆನ್ನುವವರಿದ್ದಾರೆ. ಅವರೂ ದಿನ ಎಣಿಸುತ್ತಿದ್ದಾರೆ, ಉದಾರಿಗಳೂ ದಿನ ಎಣಿಸುತ್ತಿದ್ದಾರೆ. ಒಬ್ಬರು ದಿನಕ್ಕೆ ದಾವೆಯನ್ನೇ ಕೇಳುತ್ತಾರೆ, ಇನ್ನೊಬ್ಬರು ಸಾವಿರ ರೂಪಾಯಿ ಕೇಳುತ್ತಾರೆ. ಎಣಿಸಬೇಕಾದದ್ದು ದಿನವೇ ಅಲ್ಲ.

ನೋಡಬೇಕಾದದ್ದು ಇದು: ಕಾಗದ ತಡವಾಗಿ ಬಂತೋ, ಅಥವಾ ಕಾಗದ ಇದೆ ಎಂಬ ಮಾತೇ ತಡವಾಗಿ ಬಂತೋ? ಇವೆರಡೂ ಬೇರೆ ಬೇರೆ ತಪ್ಪುಗಳು. ಮೊದಲನೆಯದು ಬಹುಪಾಲು ಅಸಹಾಯಕತೆ. ಎರಡನೆಯದು ಬಹುಪಾಲು ಆಯ್ಕೆ. ನಮ್ಮ ಸಂಹಿತೆಗೆ ಈ ವ್ಯತ್ಯಾಸ ಗೊತ್ತು. ಆದೇಶ 7, ನಿಯಮ 14ರ ಎರಡನೆಯ ಉಪನಿಯಮ ಹೇಳುವುದೇನೆಂದರೆ, ದಾಖಲೆ ನಿಮ್ಮ ಕೈಯಲ್ಲಿಲ್ಲದಿದ್ದರೆ ಅದು ಯಾರ ಬಳಿ ಇದೆ ಎಂದು ಸಾಧ್ಯವಾದ ಮಟ್ಟಿಗೆ ತಿಳಿಸಿ. ಪ್ರತಿವಾದಿಗೂ ಹಾಗೆಯೇ ಇದೆ. ನಮ್ಮ ಚರ್ಚೆಗಳಲ್ಲಿ ಯಾರೂ ಎತ್ತದ ಈ ಸಣ್ಣ ಉಪನಿಯಮದಲ್ಲಿ ಇಡೀ ಸಮಸ್ಯೆಯ ಬೀಗದ ಕೈ ಇದೆ ಎಂದು ನಾನು ನಂಬುತ್ತೇನೆ.

ಬಡತನದ ವಾದವನ್ನು ಇದರ ಎದುರು ಇಟ್ಟು ನೋಡಿ. ಪಹಣಿಯನ್ನು ಈಗ ಭೂಮಿ ತಂತ್ರಾಂಶದಿಂದ ಕುಳಿತಲ್ಲೇ ಪಡೆಯಬಹುದು, ನಿಜ. ಆದರೆ ಹಳೆಯ ಮ್ಯುಟೇಷನ್ ರಿಜಿಸ್ಟರಿನ, ಸರ್ವೆ ಟಿಪ್ಪಣಿಯ ದೃಢೀಕೃತ ನಕಲು ಬೇಕಾದವರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಎಷ್ಟು ಸಲ ಅಲೆಯಬೇಕು ಎಂಬುದು ಅಲೆದವರಿಗೆ ಗೊತ್ತು. ಕೂಲಿ ಬಿಟ್ಟು ಅಲೆಯುವ ಆ ಮನುಷ್ಯ ನಕಲನ್ನು ಒಂದು ವರ್ಷ ತಡವಾಗಿ ತಂದರೂ ಮನ್ನಿಸಬೇಕು, ಒಂದು ರೂಪಾಯಿ ಖರ್ಚನ್ನೂ ಹಾಕದೆ ಮನ್ನಿಸಬೇಕು. ಆದರೆ ಇಂಥ ಕಾಗದ ಇದೆ, ಇಂಥ ಕಚೇರಿಯಲ್ಲಿದೆ ಎಂದು ಮೊದಲೇ ಹೇಳುವುದಕ್ಕೆ ಅವನಿಗೆ ದುಡ್ಡು ಬೇಕಿಲ್ಲ, ನಕಲೂ ಬೇಕಿಲ್ಲ. ಅದನ್ನು ಅವನು ಹೇಳಿದ್ದರೆ ಎದುರು ಪಕ್ಷಕ್ಕೆ ಯಾವ ಮೋಸವೂ ಆಗಿರುವುದಿಲ್ಲ. ನಮ್ಮ ಅಣ್ಣಂದಿರಿಗೂ ಇದೇ ಅಳತೆ. ಪಾಲುಪಟ್ಟಿ ಟ್ರಂಕಿನಲ್ಲಿ ಸೇರಿಹೋಗಿತ್ತು ಎಂಬುದು ನಿಜವೇ ಇರಬಹುದು. ಆದರೆ ಅದಕ್ಕೆ ಸಹಿ ಹಾಕಿದವರು ಅವರೇ. 1997ರಲ್ಲಿ ಇಂಥವರು ಬರೆದ, ಇಂಥವರು ಸಾಕ್ಷಿ ಹಾಕಿದ ಪಟ್ಟಿಯೊಂದಿದೆ, ಈಗ ಕೈಗೆ ಸಿಗುತ್ತಿಲ್ಲ ಎಂಬ ಎರಡು ಸಾಲನ್ನು ಲಿಖಿತ ಹೇಳಿಕೆಯಲ್ಲಿ ಬರೆಯಲು ಟ್ರಂಕು ಸಿಗಬೇಕಾಗಿರಲಿಲ್ಲ. ಬರೆದಿದ್ದರೆ ಅವರಿಗೆ ಅನುಮತಿ ಸಿಗಲೇಬೇಕಿತ್ತು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತಿ ಗಟ್ಟಿಯಾದದ್ದು ಸತ್ಯದ್ದೇ. ಹೇಳದೆ ಬಿಟ್ಟ ಕಾಗದವೂ ಅಸಲಿಯಾಗಿದ್ದು, ಅದನ್ನು ಹೊರಗಿಟ್ಟಿದ್ದರಿಂದ ತಪ್ಪು ಡಿಕ್ರಿ ಆದರೆ? ಆಗಬಹುದು. ಅದಕ್ಕಾಗಿಯೇ ಮೂರನೆಯದೊಂದು ಬಗೆಯನ್ನು ಒಪ್ಪಬೇಕು. ತೀರಿಕೊಂಡ ತಂದೆ ಬರೆಸಿದ, ಮಕ್ಕಳಿಗೆ ಗೊತ್ತೇ ಇರದ ಪತ್ರ ಅಂಥದ್ದು. ಎಷ್ಟೇ ಶ್ರದ್ಧೆಯಿಂದ ಹುಡುಕಿದ್ದರೂ ತಿಳಿಯುತ್ತಿರಲಿಲ್ಲ ಎಂದು ಪ್ರಮಾಣಪತ್ರದಲ್ಲಿ ಹೇಳಿ, ಆ ಹೇಳಿಕೆಯ ಮೇಲೆ ಪಾಟಿ ಸವಾಲಿಗೂ ಸಿದ್ಧರಾದವರಿಗೆ ಬಾಗಿಲು ತೆರೆದಿರಲಿ. ಆದರೆ ತನಗೆ ಗೊತ್ತಿದ್ದೂ ಬಾಯಿ ಬಿಡದವನ ಕಾಗದವನ್ನು ಹೊರಗಿಟ್ಟಾಗ ತಪ್ಪು ಡಿಕ್ರಿಯಾದರೆ, ಅದರ ಹೊಣೆ ಅವನದು. ಅದನ್ನು ಒಳಗೆ ಬಿಟ್ಟಾಗ ತಪ್ಪು ಡಿಕ್ರಿಯಾದರೆ, ಅದನ್ನು ಹೊರುವವಳು ಏನೂ ತಪ್ಪು ಮಾಡದ ತಂಗಿ. ಎರಡರಲ್ಲೂ ತಪ್ಪಿನ ಅಪಾಯವಿದೆ. ಅಪಾಯವನ್ನು ಯಾರ ತಲೆಯ ಮೇಲಿಡಬೇಕು ಎಂಬುದೇ ನಿಜವಾದ ಪ್ರಶ್ನೆ.

ತಪ್ಪು ವಕೀಲರದು, ಕಕ್ಷಿದಾರ ಏಕೆ ಅನುಭವಿಸಬೇಕು ಎಂಬುದು ಇನ್ನೊಂದು ಆಕ್ಷೇಪ. ವಕೀಲರ ಲೋಪಕ್ಕೆ ಕಕ್ಷಿದಾರನನ್ನು ಶಿಕ್ಷಿಸಬಾರದು ಎಂದ 1981ರ ರಫೀಕ್ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಎದುರು ಪಕ್ಷದ ಖರ್ಚನ್ನು ಗೈರುಹಾಜರಾಗಿದ್ದ ವಕೀಲರಿಂದಲೇ ವಸೂಲು ಮಾಡಬೇಕೆಂದು ಅದೇ ತೀರ್ಪು ಹೇಳಿದ್ದನ್ನು ಉಲ್ಲೇಖಿಸುವವರು ಕಡಿಮೆ. ವಕೀಲರ ತಪ್ಪಿಗೆ ತನ್ನ ಕಕ್ಷಿದಾರ ಅನುಭವಿಸಬಾರದು ಎಂದಾದರೆ, ಎದುರು ಪಕ್ಷದವರು ಅನುಭವಿಸಬೇಕೆಂಬುದಂತೂ ಇನ್ನೂ ದೊಡ್ಡ ಅನ್ಯಾಯ.

ಸಂಹಿತೆಯೇ ಅನಿರೀಕ್ಷಿತ ದಾಖಲೆಯನ್ನು ಒಪ್ಪುತ್ತದಲ್ಲ ಎಂದೂ ಕೇಳಬಹುದು. ಎದುರು ಪಕ್ಷದ ಸಾಕ್ಷಿಯ ಪಾಟಿ ಸವಾಲಿನಲ್ಲಿ ತೋರಿಸುವ ಕಾಗದಕ್ಕೆ ಈ ಗಡುವು ಅನ್ವಯಿಸುವುದಿಲ್ಲ, ಸಾಕ್ಷಿ ಹೇಳುತ್ತಿರುವವರು ದಾವೆಯ ಪಕ್ಷಕಾರರೇ ಆಗಿದ್ದರೂ ಹಾಗೆಯೇ ಎಂದು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಹೇಳಿತು. ಸರಿಯೇ. ಆ ಕಾಗದ ಬರುವುದು ಸಾಕ್ಷಿ ಕಟ್ಟೆಯಲ್ಲಿ ನಿಂತಿರುವಾಗ, ಅವರ ಮುಖಕ್ಕೆ ಎದುರಾಗಿ. ಅದಕ್ಕೆ ಅಲ್ಲೇ ಉತ್ತರಿಸುವ ಅವಕಾಶ ಅವರಿಗಿದೆ. ಸಾಕ್ಷಿ ಕಟ್ಟೆಯಿಂದ ಇಳಿದು ಮನೆಗೆ ಹೋದ ಮೇಲೆ ಬರುವ ಕಾಗದಕ್ಕೆ ಆ ಸಮರ್ಥನೆ ಇಲ್ಲ.

ಹಾಗಾದರೆ ಆಗಬೇಕಾದದ್ದೇನು? ಸಾಮಾನ್ಯ ದಾವೆಗಳಲ್ಲೂ ಎರಡೂ ಪಕ್ಷದವರು ತಮಗೆ ಗೊತ್ತಿರುವ ದಾಖಲೆಗಳ ಪಟ್ಟಿಯನ್ನು, ಕೈಯಲ್ಲಿ ಇರಲಿ ಇಲ್ಲದಿರಲಿ, ಪ್ರಮಾಣ ಮಾಡಿ ಕೊಡಲಿ. ಪಟ್ಟಿಯಲ್ಲಿರುವ ಕಾಗದ ಎಂದು ಬಂದರೂ ಸಲೀಸಾಗಿ ಸ್ವೀಕಾರವಾಗಲಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕೈಬಿಟ್ಟುಹೋದ ‘ಸಮರ್ಪಕ ಕಾರಣ’ದ ಅಳತೆಗೋಲು ಮರಳಲಿ, ನ್ಯಾಯಾಧೀಶರು ಕಾರಣ ಬರೆಯಲಿ. ಕಾರಣ ಬರೆದ ಆದೇಶವನ್ನು ದಾವೆಯ ನಡುವೆ ಅಲುಗಾಡಿಸದೆ ಕೊನೆಯ ಮೇಲ್ಮನವಿಯಲ್ಲೇ ನೋಡುವ ಸಂಯಮವನ್ನು ಹೈಕೋರ್ಟು ತೋರಲಿ. ಅನುಮತಿ ಕೊಟ್ಟಾಗ, ಆಗಲೇ ಸಾಕ್ಷಿ ಹೇಳಿ ಮುಗಿಸಿದವರಿಗೆ ಮತ್ತೆ ಹೇಳಿಕೆ ಕೊಡುವ, ಹೊಸ ಸಾಕ್ಷಿ ಕರೆಸುವ ಅವಕಾಶ ತಾನಾಗಿ ಸಿಗಲಿ. ಖರ್ಚು ಎಂದರೆ ನಿಜವಾಗಿ ತಗುಲಿದ ಖರ್ಚಾಗಿರಲಿ. ಸುಳ್ಳು ತಕರಾರಿಗೆ ಪರಿಹಾರವೆಂದು ಸಂಹಿತೆಯ ಕಲಂ 35ಎ ಇಟ್ಟಿರುವ ಮೂರು ಸಾವಿರ ರೂಪಾಯಿಯ ಮಿತಿ ವಾಣಿಜ್ಯ ದಾವೆಗಳಿಗೆ 2015ರಲ್ಲೇ ಹೋಯಿತು. ಹೊಲ ಮನೆಗಳ ದಾವೆಗೆ ಅದು ಇನ್ನೂ ಏಕಿರಬೇಕು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಜನ ತಲೆತಲಾಂತರದ ನೋವಿನಿಂದ ಕಟ್ಟಿದರು. ತಡವೊಂದೇ ಆ ನೋವಿಗೆ ಕಾರಣವೆಂದು ನಾವು ತಿಳಿದಿದ್ದೇವೆ. ಎದುರಿಗಿರುವವರ ಕೈಯಲ್ಲಿ ಏನಿದೆ ಎಂದು ತಿಳಿಯದೆ ವರ್ಷಗಟ್ಟಲೆ ಹೋರಾಡಬೇಕಾದ ಕತ್ತಲೆಯೂ ಅದರಲ್ಲಿದೆ. ಇಂದು ಯಾವುದೋ ಊರಿನ ಕೋರ್ಟ್ ಹಾಲಿನ ಹೊರಗೆ ಒಬ್ಬ ಹೆಣ್ಣುಮಗಳು ತನ್ನ ಹೆಸರು ಕೂಗುವುದನ್ನು ಕಾಯುತ್ತ ಕುಳಿತಿರುತ್ತಾಳೆ. ಒಳಗೆ ಹೋಗಿ ಪ್ರಮಾಣ ಮಾಡಿ, ಅಪ್ಪನ ಬಗ್ಗೆ, ಅಣ್ಣಂದಿರ ಬಗ್ಗೆ, ಹೊಲದ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳಬೇಕು. ಹೇಳುವ ಮೊದಲು, ತನ್ನ ವಿರುದ್ಧ ಯಾವ ಕಾಗದಗಳಿವೆ ಎಂಬುದು ಅವಳಿಗೆ ತಿಳಿದಿರಬೇಕು. ಆ ತಿಳಿವಳಿಕೆ ಅವಳ ಹಕ್ಕು. ಅದನ್ನು ಸಾವಿರ ರೂಪಾಯಿಗೆ ಮಾರುವ ಅಧಿಕಾರ ಯಾವ ಕೋರ್ಟಿಗೂ ಇರಬಾರದು.